ಏಳನೆಯ ಇಲಿ

ನದಿಯ ದಂಡೆಯ ಮೇಲೊಂದು ಸಣ್ಣ ಪ್ರಯೋಗಾಲಯ. ನೆನಪು ಹೇಗೆ ಉಳಿಯುತ್ತದೆ, ಹೇಗೆ ಅಳಿಯುತ್ತದೆ ಎಂದು ಅಲ್ಲಿ ಇಲಿಗಳನ್ನಿಟ್ಟುಕೊಂಡು ಹುಡುಕುತ್ತಿದ್ದರು.

ಅಲ್ಲಿನ ಗುರು ತಿರುಮಲಾಂಬಾ. ತಲೆಕೂದಲು ನೆರೆಯುವವರೆಗೂ ಅದೇ ಕೆಲಸ ಮಾಡಿದವರು. ನೇಮಿರಾಜ ಅವರ ಶಿಷ್ಯ. ಚುರುಕಿನವನು, ಆದರೆ ಆತುರಗಾರ.

ಅವನ ಪರೀಕ್ಷೆ ಹೀಗಿತ್ತು. ದೊಡ್ಡ ತೊಟ್ಟಿಯ ತುಂಬ ಬಿಳಿ ಬಣ್ಣ ಕದಡಿದ ನೀರು. ನೀರಿನಡಿ ಒಂದು ಕಡೆ, ಕಣ್ಣಿಗೆ ಕಾಣದಂತೆ, ಪುಟ್ಟ ಕಟ್ಟೆ. ಇಲಿ ಈಜಿ ಈಜಿ ಆ ಕಟ್ಟೆಯನ್ನು ಹುಡುಕಿ ಹತ್ತಬೇಕು. ಮರುದಿನ ನೆನಪಿದ್ದ ಇಲಿ ನೆಟ್ಟಗೆ ಅಲ್ಲಿಗೇ ಹೋಗುತ್ತದೆ. ಮರೆತ ಇಲಿ ತೊಟ್ಟಿಯ ಅಂಚಿಗುಂಟ ಸುಮ್ಮನೆ ಸುತ್ತುತ್ತದೆ.

ಒಂದು ದಿನ ನೇಮಿರಾಜ ಗುರುವಿನ ಬಳಿ ಬಂದ.

“ಮೇಡಂ, ಆರು ಇಲಿಗಳು ಮರೆತವು. ಕೊಂದು ಮಿದುಳು ತೆಗೆದು ನೋಡಿದೆ. ಏನೂ ಕೆಟ್ಟಿಲ್ಲ. ಹಾಗಾದರೆ ನೆನಪು ಎಲ್ಲಿಗೆ ಹೋಯಿತು?”

“ಏಳನೆಯದು ಇದೆಯೇ?”

“ಇದೆ. ಇವತ್ತು ಬೆಳಿಗ್ಗೆ ಕಟ್ಟೆ ಹುಡುಕಿ ಹತ್ತಿದೆ. ನೆನಪಿನ ಪರೀಕ್ಷೆಗೆ ನಾಳೆ ಅದರ ಸರದಿ.”

“ಇವತ್ತು ತೋರಿಸು.”

ನೇಮಿರಾಜ ಗೂಡಿನ ಬಾಗಿಲು ತೆಗೆದ. ಬಾಲ ಹಿಡಿದು ಇಲಿಯನ್ನು ಎತ್ತಿದ. ತೊಟ್ಟಿಗೆ ಬಿಟ್ಟ. ಇಲಿ ಕಣ್ಣು ಕಣ್ಣು ಬಿಡುತ್ತ ಅಂಚಿಗುಂಟ ಸುತ್ತತೊಡಗಿತು.

“ನೋಡಿ, ಪೂರ್ತಿ ಮರೆತಿದೆ.”

ತಿರುಮಲಾಂಬಾ ಇಲಿಯನ್ನು ಬೊಗಸೆಯಲ್ಲಿ ಎತ್ತಿಕೊಂಡು ಸೆರಗಿನಿಂದ ಒರೆಸಿದರು. ಮಡಿಲಲ್ಲಿಟ್ಟುಕೊಂಡು ಕೂತರು.

“ಇದನ್ನು ನಾಲ್ಕು ದಿನ ನನಗೆ ಬಿಡು.”

ನಾಲ್ಕು ದಿನ ಅವರು ಮಾಡಿದ್ದು ಅಷ್ಟೇ. ಬೆಳಿಗ್ಗೆ ಬರುವುದು, ಬೊಗಸೆಯೊಡ್ಡುವುದು, ಇಲಿ ತಾನಾಗಿ ಹತ್ತುವವರೆಗೆ ಕಾಯುವುದು. ‘ಮೇಡಂಗೆ ವಯಸ್ಸಾಯಿತು’ ಎಂದುಕೊಂಡ ನೇಮಿರಾಜ.

ಐದನೆಯ ದಿನ ಅವರು ಬೊಗಸೆಯನ್ನೇ ನೀರಿಗೆ ಇಳಿಸಿದರು. ಇಲಿ ಜಾರಿಕೊಂಡಿತು. ಒಂದು ಗಳಿಗೆ ಮೂಗೆತ್ತಿ ನೋಡಿತು. ಆಮೇಲೆ ನೆಟ್ಟಗೆ ಈಜಿ, ಕಾಣದ ಕಟ್ಟೆಯನ್ನು ಹತ್ತಿ, ಮುಖ ಒರೆಸಿಕೊಳ್ಳುತ್ತ ಕೂತಿತು.

ನೇಮಿರಾಜ ತೊಟ್ಟಿಯ ಅಂಚಿಗೆ ಬಂದು ಬಗ್ಗಿ ನೋಡಿದ.

“ಈಗ ನೀನು ಎತ್ತಿಕೋ,” ಎಂದರು ಗುರು.

ಅವನು ಕೈ ಚಾಚಿದ. ಇಲಿ ಕಟ್ಟೆಗೆ ಅಂಟಿಕೊಂಡು ಮುದುಡಿತು. ಅದರ ಮೈ ಗಡಗಡ ನಡುಗುತ್ತಿತ್ತು.

ಅವನ ಕೈ ಅಲ್ಲೇ ನಿಂತಿತು. ಆ ಆರು ಇಲಿಗಳೂ ಅವನ ಹೆಜ್ಜೆ ಸಪ್ಪಳಕ್ಕೇ ಗೂಡಿನ ಮೂಲೆ ಸೇರುತ್ತಿದ್ದವು. ಅವನು ದಿನವೂ ಅದನ್ನು ನೋಡಿದ್ದ. ನೋಡಿಯೂ ಬಾಲಕ್ಕೇ ಕೈ ಹಾಕಿದ್ದ. ಆ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಬೆನ್ನ ಹಿಂದೆ ಕಟ್ಟಿಕೊಂಡ.

“ಅವಕ್ಕೂ ದಾರಿ ಗೊತ್ತಿತ್ತಾ, ಮೇಡಂ?”

ಗುರು ಕಟ್ಟೆಯ ಮೇಲಿನ ಇಲಿಯತ್ತ ನೋಡಿದರು. ಒಂದು ಮಾತು ಬೈದಿದ್ದರೆ ತಡೆದುಕೊಳ್ಳಬಹುದಿತ್ತು ಅನ್ನಿಸಿತು ಅವನಿಗೆ.

“ಬರೆದಿದ್ದನ್ನೆಲ್ಲ ಹರಿದುಹಾಕುತ್ತೇನೆ,” ಎಂದ, ತಲೆ ಎತ್ತದೆ.

“ಹರಿಯಬೇಡ. ತಿದ್ದು.”

“ಆರಕ್ಕೂ ‘ನೆನಪಿಲ್ಲ’ ಎಂದು ಬರೆದಿದ್ದೇನೆ. ಹೇಗೆ ತಿದ್ದಲಿ?”

ತಿರುಮಲಾಂಬಾ ಇಲಿಯನ್ನು ಬೊಗಸೆಗೆ ತೆಗೆದುಕೊಂಡರು.

“ನೆನಪಿತ್ತು ಎಂದು ಬರೆ. ಏನು ನೆನಪಿತ್ತು ಎಂದು ಯಾರಾದರೂ ಕೇಳಿದರೆ, ನಿನ್ನ ಹೆಸರು ಹೇಳು.”