ಮಾಯಿಗ ಹುಲ್ಲು ತಂದದ್ದು

ಕೇಳುವ ಕಿವಿಗೆ ನಗು, ಹೆತ್ತ ಹೊಟ್ಟೆಗೆ ಉರಿ. ಹೊಂಬಾಳಮ್ಮನಿಗೆ ಅಂಥ ಒಬ್ಬ ಮಗನಿದ್ದ, ಹೆಸರು ಮಾಯಿಗ. ಆಳೆತ್ತರ ಬೆಳೆದಿದ್ದ, ಮೀಸೆ ಬಂದಿತ್ತು, ಬುದ್ಧಿ ಮಾತ್ರ ಇನ್ನೂ ದಾರಿಯಲ್ಲಿತ್ತು. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ. ಅದೇ ಅವನ ರೋಗ.

ಅವತ್ತು ಹೊಂಬಾಳಮ್ಮನಿಗೆ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಮನೆಗಿದ್ದ ಒಂದೇ ಹಸು ಚುಂಚಿಗೆ ದಿನ ತುಂಬಿತ್ತು, ಕೊಟ್ಟಿಗೆಯಲ್ಲಿ ಒಂದೆಳೆ ಹುಲ್ಲಿರಲಿಲ್ಲ. ಹಸು ಬೆಳಗಿನಿಂದ ಗೂಟ ಕೀಳುವಂತೆ ಕೂಗುತ್ತಿತ್ತು. ಬರಿಹೊಟ್ಟೆಯಲ್ಲಿ ಕರು ಹಾಕಬೇಕೆಂದರೆ ಅದಕ್ಕೆ ತ್ರಾಣ ಎಲ್ಲಿಂದ ಬರಬೇಕು? ನಾಟಿ ಹಾಕಿಕೊಟ್ಟಿದ್ದಕ್ಕೆ ಚಲುವೇಗೌಡರು ಮೂರು ಕಟ್ಟು ಹುಲ್ಲು ಕೊಡುತ್ತೇನೆ ಅಂದಿದ್ದರು. ಅವರ ಗದ್ದೆಗೆ ಎರಡು ಮಿಷನ್ನು ಬಂದಿದ್ದವು. ಒಂದು ಹುಲ್ಲನ್ನು ಗುಂಡಗೆ ಸುತ್ತುತ್ತಿತ್ತು, ಇನ್ನೊಂದು ಚೌಕವಾಗಿ ಅದುಮುತ್ತಿತ್ತು. ಯಾವುದು ಬೇಕಾದರೂ ತಗೊಳ್ಳಿ ಅಂದಿದ್ದರು ಗೌಡರು.

ಹಸುವನ್ನು ಬಿಟ್ಟು ಹೋಗುವಂತಿರಲಿಲ್ಲ. ಹೊಂಬಾಳಮ್ಮ ಮಗನನ್ನು ಕರೆದಳು.

"ಲೇ ಮಾಯಿಗ, ಗುಂಡಂದೇ ತಕಬಾ. ಹೊರದೇನೂ ಬ್ಯಾಡ, ಉರುಳುಸುದ್ರೆ ಅದೇ ಬತ್ತದೆ."

ಹೋದ. ಹೊಂಬಾಳಮ್ಮ ಬಾಗಿಲಿಗೂ ಕೊಟ್ಟಿಗೆಗೂ ಹತ್ತು ಸಲ ಓಡಾಡಿದಳು. ಮಾಯಿಗ ಕೈಬೀಸಿಕೊಂಡು ಬಂದ.

"ಹುಲ್ಲೆಲ್ಲೋ?"

"ಇನ್ನೂ ಬಂದಿಲ್ವಾ? ಏರಿ ಮ್ಯಾಲಿಂದ ಉರುಳುಸ್ದೆ ಕಣವ್ವ. ನನಗಿಂತ ಮುಂಚೆ ಹೊಂಟಿತ್ತು."

ಏರಿಯ ಕೆಳಗೆ ನಾಲೆ. ನಾಲೆ ತುಂಬ ನೀರು. ಹೊಂಬಾಳಮ್ಮ ಹಣೆ ಚಚ್ಚಿಕೊಂಡಳು.

"ನಿನ್ನ ಬುದ್ಧಿಗಿಷ್ಟು ಬೆಂಕಿ ಹಾಕ. ಗುಂಡಂದು ನಿಂತ ಕಡೆ ನಿಲ್ಲದಿಲ್ಲ ಕಣೋ. ಚೌಕದ್ದು ತಕೊ. ಅದು ಇಟ್ಟ ಕಡೆ ಕೂತಿರ್ತದೆ."

ಹೋದ. ಹೊತ್ತು ನೆತ್ತಿಗೆ ಬರುತ್ತಿತ್ತು. ಚುಂಚಿ ಮಲಗುತ್ತಿತ್ತು, ಏಳುತ್ತಿತ್ತು, ಹೊಂಬಾಳಮ್ಮನೂ ಅದರ ಜೊತೆ ಕೂರುತ್ತಿದ್ದಳು, ಏಳುತ್ತಿದ್ದಳು. ಮಾಯಿಗ ಮತ್ತೆ ಕೈಬೀಸಿಕೊಂಡೇ ಬಂದ.

"ಈಗೇನಾಯ್ತೋ?"

"ನೀ ಹೇಳ್ದಂಗೇ ಆಯ್ತು. ಗದ್ದೆ ಬದುವಿನ ಮ್ಯಾಲೆ ಇಟ್ಟೆ. ಕೂತದೆ. ಎಷ್ಟೊತ್ತು ನೋಡುದ್ರೂ ಅಲ್ಲಾಡ್ಲಿಲ್ಲ."

ಅಳಬೇಕೋ ಹೊಡೆಯಬೇಕೋ ಅವಳಿಗೆ ತಿಳಿಯಲಿಲ್ಲ. ಹೊಡೆಯಲು ಪುರುಸೊತ್ತೂ ಇರಲಿಲ್ಲ.

"ತಲೆ ಮ್ಯಾಲೆ ಹೊತ್ಕಂಡು ಬರಬೇಕು ಕಣೋ ಮುಂಡೇದೆ. ಹಸ ಬಾಯಿಗೆ ಸಿಕ್ಕೋಗಂಟ ಕೆಳಗೆ ಇಳುಸ್ಬ್ಯಾಡ."

ಹೋದ. ಬದುವಿನ ಮೇಲಿದ್ದದ್ದನ್ನು ತಲೆಗೆ ಏರಿಸಿದ. ಊರಬಾಗಿಲಲ್ಲಿ ಯಾರದೋ ಹಸು ಕತ್ತು ಚಾಚಿತು. ಮಾಯಿಗ ಸಾವಕಾಶವಾಗಿ ಕಟ್ಟು ಇಳಿಸಿ, ಬಿಚ್ಚಿ, ಹರಡಿಕೊಟ್ಟ. ಅದರ ಹಿಂದೆ ಇದ್ದ ನಾಲ್ಕು ದನಗಳೂ ಬಂದು ಮುಗಿಸಿದವು.

"ಹಸ ತಿಂತು ಕಣವ್ವ," ಅಂದ ಮನೆಗೆ ಬಂದು.

"ಯಾವ ಹಸನೋ?"

"ಕಪ್ಪಂದು."

ಚುಂಚಿ ಕೆಂಪು ಹಸು. ಹೊಂಬಾಳಮ್ಮನಿಗೆ ಕಣ್ಣಲ್ಲಿ ನೀರೇ ಬಂತು. ಇನ್ನು ಉಳಿದದ್ದು ಒಂದೇ ಕಟ್ಟು.

"ನನ್ನಪ್ಪ, ದಾರೀಲಿ ಯಾರಿಗೂ ಕೊಡಬ್ಯಾಡ. ಸೀದಾ ಕೊಟ್ಟಿಗೆಗೆ ತಂದು ಗೂಟದ ತಾವ ಹಾಕು. ಹಗ್ಗದಲ್ಲಿ ಭದ್ರವಾಗಿ ಕಟ್ಟು, ಎಲ್ಲೂ ಹೋಗಕೂಡ್ದು."

ಈ ಸಲ ಮಾಯಿಗ ಬೇಗ ಬಂದ. ಅವ್ವ ಒಳಗೆ ಬಿಸಿನೀರು ಇಳಿಸುತ್ತಿದ್ದಳು. ಅವಳು ಕೊಟ್ಟಿಗೆಗೆ ಬಂದು ನೋಡುತ್ತಾಳೆ, ಗೂಟದಲ್ಲಿ ಹುಲ್ಲಿನ ಕಟ್ಟು ಇದೆ. ಹಗ್ಗ ಮೂರು ಸುತ್ತು ಬಿಗಿದಿದೆ. ಹಸು ಇಲ್ಲ.

"ಚುಂಚಿ ಎಲ್ಲೋ?"

"ಹಗ್ಗ ಒಂದೇ ಇತ್ತು ಕಣವ್ವ. ಅದರ ಕುತ್ತಿಗೇದು ಬಿಚ್ಚಿ ಹುಲ್ಲಿಗೆ ಕಟ್ಟಿವ್ನಿ."

"ಹಸ ಎಲ್ಲಿಗೋಯ್ತೋ?"

"ಹುಲ್ಲು ಹುಡುಕ್ಕಂಡು ಹೋಯ್ತು."

ದಿನ ತುಂಬಿದ ಹಸು ಯಾವ ಹಳ್ಳದಲ್ಲಿ ಬೀಳುತ್ತದೋ, ಯಾವ ನಾಯಿ ಬೆನ್ನಟ್ಟುತ್ತದೋ. ಹೊಂಬಾಳಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಬೀದಿಗೆ ಓಡಿದಳು. ಹೋಗುತ್ತಾ ಹೋಗುತ್ತಾ ತಿರುಗಿ ಕೂಗಿದಳು:

"ಇರೋದು ಅದೊಂದೇ ಕಟ್ಟು. ಇಲ್ಲೇ ಕೂತು ಕಾಯಿ. ಯಾವ ದನ ಬಂದ್ರೂ ಬಾಯಿ ಹಾಕಿಸ್ಬ್ಯಾಡ."

ನಾಲೆ ಏರಿ ಹುಡುಕಿದಳು, ಕೆರೆ ಅಂಗಳ ಹುಡುಕಿದಳು, ಗೌಡರ ಬಣವೆ ಸುತ್ತ ಮೂರು ಸಲ ಸುತ್ತಿದಳು. ಕಂಡವರನ್ನೆಲ್ಲ ಕೇಳಿದಳು. ಗಂಟಲು ಒಣಗಿತು, ಕಾಲು ಸೋತಿತು, ಹಸು ಸಿಗಲಿಲ್ಲ. ಹೊತ್ತು ಮುಳುಗುವಾಗ ಅಳುತ್ತಾ ಮನೆಗೆ ಬಂದಳು.

ಮಾಯಿಗ ಕೋಲು ಹಿಡಿದು ಹುಲ್ಲಿನ ಮುಂದೆ ನಿಂತಿದ್ದ. ಮೈಯೆಲ್ಲ ಬೆವರು.

"ಯಾಕ್ಲಾ ಹಿಂಗ್ ಬೆವರಿದ್ದೀಯೆ?"

"ಚುಂಚಿ ಕಾಟ ಕಣವ್ವ. ಮೂರು ಸಲ ಬಂದು ಹುಲ್ಲಿಗೆ ಬಾಯಿ ಹಾಕಕ್ಕೆ ನೋಡ್ತು. ನಾನು ಬುಟ್ಟೇನಾ? ಮೂರ್ನೇ ಸಲ ಒಂದು ಕರೂನೂ ಕರ್ಕಂಡು ಬಂದಿತ್ತು. ಎರಡನ್ನೂ ಓಡಿಸ್ದೆ."