ಬಾಗಿಲಲ್ಲಿ ನಿಂತ ಕೊಪ್ಪರಿಗೆ

ಕಲ್ಯಾಣ ಮಂಟಪದ ಉಗ್ರಾಣದಲ್ಲಿ ಒಂದು ಕೊಪ್ಪರಿಗೆ ಇತ್ತು. ಸಾವಿರ ಎಲೆಗೆ ಸಾಲುವಷ್ಟು ಸಾರನ್ನು ಒಂದೇ ಸಲಕ್ಕೆ ಕುದಿಸಿ ಹೆಸರಾದದ್ದು ಅದು. ಸಾಂಕ್ರಾಮಿಕದ ಕಾಟಕ್ಕೆ ಎರಡು ಸಲ ಮುಂದೆ ಹೋಗಿದ್ದ ಮದುವೆಯೊಂದನ್ನು ಈಗ ಐವತ್ತೇ ಜನರಲ್ಲಿ ಮುಗಿಸುತ್ತಾರೆಂದು ಕೇಳಿ ಅದರ ಪಿತ್ತ ನೆತ್ತಿಗೇರಿತು.

“ನಾನು ಒಲೆ ಏರದಿದ್ದರೆ ಅದೆಂಥ ಮದುವೆ? ಮೂರನೆಯ ಸಲವೂ ಮುಂದೂಡಲಿ!”

ಉದ್ದ ಹಿಡಿಯ ಸೌಟು ಹೇಳಿತು: “ಹುಡುಗ ಹುಡುಗಿ ಕಾದಿರುವುದು ಮುಹೂರ್ತಕ್ಕೆ ಅಣ್ಣಾ, ನಿನ್ನ ಸಾರಿಗಲ್ಲ. ಯಾವ ಕೆಲಸಕ್ಕೆ ಕರೆದರೂ ನಾನು ಹೊರಟೆ.”

ಮದುವೆಯ ಬೆಳಗ್ಗೆ ಅಡುಗೆಯ ಚನ್ನಕೇಶವಯ್ಯ ಕೊಪ್ಪರಿಗೆಯನ್ನು ಮಂಟಪದ ಬಾಗಿಲಿಗೆ ಉರುಳಿಸಿ ತಂದ. ಬಿಸಿನೀರು ತುಂಬಿಸಿ, ಪಕ್ಕದಲ್ಲಿ ಸೋಪು ಇಟ್ಟು, ದೂರದಿಂದಲೇ ಕೈಗೆ ನೀರು ಹೊಯ್ಯಲೆಂದು ಸೌಟು ಹಿಡಿದು ನಿಂತ.

“ಸಾರು ಕುದಿಸಿದ ನನಗೆ ಕೈ ತೊಳೆಸುವ ಚಾಕರಿಯೇ?” ಎಂದು ಕೊಪ್ಪರಿಗೆ ಗುಡುಗಿತು.

“ಮರೆತೆಯಾ ಅಣ್ಣಾ?” ಎಂದಿತು ಸೌಟು. “ಬಾಗಿಲಿಗೆ ಬಂದವರಿಗೆ ಮೊದಲ ಮರ್ಯಾದೆ ಕೈಕಾಲಿಗೆ ನೀರು. ಎಲೆ ಹಾಕುವುದು ಆಮೇಲೆ.”

ಬೀಗರು ಬಂದರು, ನೆಂಟರು ಬಂದರು. ಆ ನೀರು ಮುಟ್ಟದೆ ಒಬ್ಬರೂ ಹೊಸಿಲು ದಾಟಲಿಲ್ಲ. ಮದುಮಗಳ ಅಜ್ಜಿ ಕೈಯೊಡ್ಡಿ, “ಆಹಾ, ನೀರು ಎಷ್ಟು ಹದವಾಗಿದೆ!” ಅಂದರು. ಇಷ್ಟು ವರ್ಷ ಅಡುಗೆಮನೆಯ ಹೊಗೆಯಲ್ಲೇ ಕಳೆದ ಕೊಪ್ಪರಿಗೆ, ಮದುವೆಗೆ ಬಂದವರ ಮುಖ ಕಂಡದ್ದು ಅಂದೇ ಮೊದಲು.

ರೋಗ ಹೋದ ಮೇಲೆ ಸಾವಿರ ಎಲೆಯ ಮದುವೆಯೂ ಬಂತು. ಒಲೆ ಏರುತ್ತಲೇ ಕೊಪ್ಪರಿಗೆ ಸೌಟನ್ನು ಕೇಳಿತು: “ಸಾರು ನಾನು ನೋಡಿಕೊಳ್ಳುತ್ತೇನೆ. ಬಾಗಿಲಲ್ಲಿ ನೀರು ಕೊಡಲು ಯಾರನ್ನು ನಿಲ್ಲಿಸಿದ್ದಾರೆ?”