ವೆಂದೆಲ ಮರೆತ ಗಡಿಕಲ್ಲು

ಒಂದಾನೊಂದು ಕಾಲದಲ್ಲಿ, ಊರಿನ ನಕ್ಷೆ ಕಾಗದದ ಮೇಲಿರದೆ ಹುಡುಗರ ಅಂಡಿನ ಮೇಲಿದ್ದ ಕಾಲದಲ್ಲಿ, ಸ್ಲೊವಾಕಿಯಾ ಅನ್ನೋ ದೇಶದ ಬೆಟ್ಟದ ಮೇಲೆ ಯೆದ್ಲೊವ್ಕಾ ಅಂತ ಒಂದು ಊರಿತ್ತಂತೆ. ನಗಬೇಡ ಮರಿ, ಹ್ಞೂಂ ಅನ್ನು. ಹ್ಞೂಂ ಅನ್ನದಿದ್ರೆ ಕತೆ ಅಲ್ಲೇ ನಿಂತ್ಕೊಂಡು ಆಕಳಿಸುತ್ತೆ.

ಊರ ಮುಂದೆ ಹೊಳೆ, ಹಿಂದೆ ಸೂಜಿಯೆಲೆ ಮರದ ಕಾಡು, ಕಾಡಿನ ಮೇಲೆ ಹುಲ್ಲುಗಾವಲು, ಅದರ ಮೇಲೆ ಬಂಡೆ, ಬಂಡೆ ಮೇಲೆ ಹಿಮ, ಹಿಮದ ಮೇಲೆ ಏನೂ ಇಲ್ಲ, ಆಕಾಶ. ಆರು ತಿಂಗಳು ಹಿಮ, ಮೂರು ತಿಂಗಳು ಕೆಸರು, ಉಳಿದ ಮೂರು ತಿಂಗಳಲ್ಲೇ ಬದುಕೆಲ್ಲ ಮಾಡಿ ಮುಗಿಸ್ಬೇಕು. ಹಿಂದೆ ಯಾವಾಗಲೋ ಕುರಿ ಕಾಯೋ ಜನ ಎಲ್ಲಿಂದಲೋ ಬಂದ್ರಂತೆ, ಕಾಡು ಕಡಿದು ಇದ್ಕೊಳ್ಳಿ, ಇಪ್ಪತ್ತು ವರ್ಷ ಕಂದಾಯ ಬೇಡ ಅಂದನಂತೆ ದೊರೆ. ಇಪ್ಪತ್ತೊಂದನೇ ವರ್ಷ ಬೆಳಗಾಗೋದ್ರೊಳಗೆ ಅವನ ಆಳು ಬಾಗಿಲಲ್ಲಿ ನಿಂತಿದ್ನಂತೆ. ದೊರೆಗಳಿಗೆ ನೆನಪು ಜಾಸ್ತಿ. ಉಳಿದವರು ನೆನಪಿಟ್ಕೊಳ್ಳೋಕೆ ಏನಾದರೂ ದಾರಿ ಹುಡುಕ್ಬೇಕು.

ಆ ಊರಿಗೆ ಮೇಲಿನ ಹುಲ್ಲುಗಾವಲೇ ಜೀವ. ಹುಲ್ಲಿಲ್ಲದಿದ್ರೆ ಕುರಿಯಿಲ್ಲ, ಕುರಿಯಿಲ್ಲದಿದ್ರೆ ಚೀಸಿಲ್ಲ, ಚೀಸಿಲ್ಲದಿದ್ರೆ ಊರೇ ಇಲ್ಲ. ಬೆಟ್ಟದಾಚೆ ಊರಿನವರಿಗೂ ಅದರ ಮೇಲೇ ಕಣ್ಣು. ಅದಕ್ಕೆ ಮೂರು ಗಡಿಕಲ್ಲು ನೆಟ್ಟರಂತೆ. ಬರೆದಿಡೋಕೆ ಯಾರಿಗೂ ಅಕ್ಷರ ಬಾರದು. ಏನು ಮಾಡ್ತಿದ್ರು ಗೊತ್ತಾ? ಒಂದೊಂದು ಕಲ್ಲಿನ ಮೇಲೆ ಒಬ್ಬೊಬ್ಬ ಹುಡುಗನನ್ನ ಬೋರಲು ಹಾಕಿ, ಹಸಿ ಬರಲುಕಡ್ಡಿ ತಗೊಂಡು ಛಟೀರ್ ಅಂತ ಬಾರಿಸಿ, ಆಮೇಲೆ ಕೈಗೊಂದು ಸಿಹಿ ಬನ್ನು ಕೊಡ್ತಿದ್ರಂತೆ. ನೋವು ಮರೆತರೂ ನೋವಾದ ಜಾಗ ಮರೆಯಲ್ಲ ಅಂತ.

ಜೋಫ್ಕಾ ಅನ್ನೋಳಿಗೆ ಮೂವರು ಗಂಡುಮಕ್ಕಳು, ಗಾಶ್ಪರ, ಶಿಮೋನ, ವೆಂದೆಲ. ಮೂರು ಕಲ್ಲಿಗೆ ಮೂವರೂ ಸರಿಹೋದ್ರು. ಗಾಶ್ಪರ ಮೊದಲನೇ ಕಲ್ಲಿನ ಮೇಲೆ ಬಿದ್ದು ಅತ್ತ, ಶಿಮೋನ ಎರಡನೇದರ ಮೇಲೆ ಅತ್ತ, ಮೂರನೇದು ವೆಂದೆಲನದು. ವೆಂದೆಲ ಕಿಲಾಡಿ. ಬೆಳಗ್ಗೆನೇ ಅಮ್ಮ ಚೀಸಿಗೆ ಒತ್ತೋ ಮರದಚ್ಚನ್ನ ಎತ್ಕೊಂಡು ಚಡ್ಡಿಯೊಳಗೆ ಸಿಕ್ಕಿಸ್ಕೊಂಡಿದ್ದ. ಅದರಲ್ಲೊಂದು ಚೆಂದದ ಹಕ್ಕಿ ಕೆತ್ತಿತ್ತು. ಬರಲು ಬಿದ್ದಾಗ ಛಟೀರ್ ಅನ್ನೋ ಬದಲು ಠಪ್ ಅಂತು. ಹುಡುಗನ ಮೂಳೆ ಗಟ್ಟಿ ಅಂದ್ರಂತೆ ಹಿರಿಯರು. ವೆಂದೆಲ ಕಣ್ಮುಚ್ಕೊಂಡು ಊರಿಗೇ ಕೇಳಿಸೋ ಹಾಗೆ ಅಯ್ಯೋ ಅಮ್ಮಾ ಅಂತ ಕೂಗಿ ಎರಡು ಬನ್ನು ಗಿಟ್ಟಿಸ್ದ.

ಆದರೆ ಅಚ್ಚು ಒಡೆದು ಎರಡಾಗಿತ್ತು. ಹಕ್ಕಿ ತಲೆ ಇದ್ದ ಚೂರು ಚಡ್ಡಿ ಕಾಲಿನಿಂದ ಜಾರಿ ಬಿತ್ತು, ಅದನ್ನ ಹೆಬ್ಬೆರಳಲ್ಲಿ ನೂಕಿ ಕಲ್ಲಿನ ಬುಡದ ಮಣ್ಣೊಳಗೆ ಸೇರಿಸ್ದ. ಬಾಲದ ಚೂರನ್ನ ಮನೆಗೆ ತಂದು ನಾಯಿ ಕಚ್ಚಿ ಒಡೀತು ಅಂದ. ಪಾಪ, ಬೊದ್ರಿಕ್ ಅಂತ ನಾಯಿ, ಮೂರು ದಿನ ಕೂಳಿಲ್ಲದೆ ಗೂಟದಲ್ಲಿತ್ತಂತೆ. ಹೊಸ ಅಚ್ಚು ಕೆತ್ತಿಸೋದು ಯಾರು? ಜೋಫ್ಕಾ ಉಳಿದ ಅರ್ಧದಲ್ಲೇ ಚೀಸು ಒತ್ತಿದ್ಳು. ಯೆದ್ಲೊವ್ಕಾ ಚೀಸು ಅಂದ್ರೆ ಬರೀ ಬಾಲದ ಗುರುತು ಅಂತ ಹತ್ತೂರಿಗೂ ಹೆಸರಾಯ್ತು.

ಐವತ್ತು ವರ್ಷ ಕಳೀತು. ಮೂವರ ಮೀಸೆನೂ ಬೆಳ್ಳಗಾಯ್ತು. ಅಬ್ಬಾ ಆ ಏಟು, ಇವತ್ತಿಗೂ ಮಳೆ ಬಂದ್ರೆ ಚುರುಗುಟ್ಟುತ್ತೆ ಅಂತ ವೆಂದೆಲ ಕುಂಟಿ ತೋರಿಸ್ತಿದ್ನಂತೆ, ಕೇಳಿದೋರು ಬಿಟ್ಟಿ ಹೆಂಡ ಕುಡಿಸ್ತಿದ್ರಂತೆ.

ಆಮೇಲೊಂದು ಚಳಿಗಾಲ, ಬೆಟ್ಟದಿಂದ ಹಿಮದ ಗುಡ್ಡೆನೇ ಜಾರಿ ಮೂರು ಕಲ್ಲನ್ನೂ ಹೊಳೆಗೆ ತಳ್ಕೊಂಡು ಹೋಯ್ತು. ಕೆಸರು ಆರೋದ್ರೊಳಗೆ ಆಚೆ ಊರಿನವರು ಕುರಿ ಹೊಡ್ಕೊಂಡು ಬಂದು, ಮೂರನೇ ಕಲ್ಲು ಇಲ್ಲಿ ಕೆಳಗೆ ನೀರಿನ ಊಟೆ ಹತ್ರ ಇತ್ತು, ಮೇಲಿನ ಹುಲ್ಲೆಲ್ಲ ನಮ್ಮದು ಅಂದ್ರಂತೆ. ದೊರೆ ಕಡೆಯ ಅಧಿಕಾರಿ ಬಂದ. ಏಟು ತಿಂದೋರು ಯಾರಪ್ಪ, ಬನ್ನಿ ಅಂದ.

ಆಣೆ ಇಡೋದೂ ಸುಮ್ನೆ ಅಲ್ಲ ಅಲ್ಲಿ. ಬರಿಗಾಲಲ್ಲಿ ನಿಲ್ಲಬೇಕು, ತಲೆ ಮೇಲೆ ಹುಲ್ಲುಹೆಂಟೆ ಹೊರಬೇಕು. ಸುಳ್ಳು ಹೇಳಿದ್ರೆ ಹೊತ್ತ ಮಣ್ಣೇ ವರ್ಷದೊಳಗೆ ಮುಚ್ಚುತ್ತೆ ಅಂತ ನಂಬಿಕೆ. ಗಾಶ್ಪರ ಹೆಂಟೆ ಹೊತ್ತು ನಡೆದು, ಇಲ್ಲೇ, ನನ್ನ ಅಂಡು ಸುಳ್ಳು ಹೇಳಲ್ಲ ಅಂದ. ಶಿಮೋನನೂ ಅಂದ. ಇನ್ನು ವೆಂದೆಲ.

ವೆಂದೆಲ ನಿಂತ. ಹೆಂಟೆಯಿಂದ ಎರೆಹುಳ ಇಳಿದು ಕಾಲರೊಳಗೆ ಹೋಯ್ತು. ಮೇಲೆ ನೋಡ್ದ, ಕೆಳಗೆ ನೋಡ್ದ, ಅಂಡನ್ನ ಕೇಳ್ದ. ಅಂಡು ಏನೂ ಹೇಳ್ಲಿಲ್ಲ. ಅದಕ್ಕೆ ಏಟೇ ಬಿದ್ದಿರ್ಲಿಲ್ವಲ್ಲ! ಒಂದು ಬೆರಳು ತಪ್ಪಾಗಿ ತೋರಿಸಿದ್ರೆ ಊರಿನ ಹುಲ್ಲು ಹೋಗುತ್ತೆ, ಸುಳ್ಳಾದ್ರೆ ತನ್ನ ಜೀವ ಹೋಗುತ್ತೆ, ನಿಜ ಹೇಳಿದ್ರೆ ಮಾನ ಹೋಗುತ್ತೆ.

ಮೂರರಲ್ಲಿ ಮಾನನೇ ಹಗುರ ಅನ್ನಿಸ್ತಂತೆ. ಎಲ್ಲಾ ಒಪ್ಕೊಂಡ.

ಹುಲ್ಲಿನ ಗಾಡಿಯಲ್ಲಿ ಕೂತಿದ್ದ ತೊಂಬತ್ತರ ಮುದುಕಿ ಜೋಫ್ಕಾ, ನಾಯಿ ಅಂದ್ಯಲ್ಲೋ ಮುಂಡೇದೇ, ಮೂರು ದಿನ ಅದಕ್ಕೆ ಕೂಳು ಹಾಕ್ಲಿಲ್ವಲ್ಲೋ ನಾನು ಅಂದ್ಳಂತೆ. ಹುಲ್ಲಿನ ಮಾತೇ ಇಲ್ಲ, ನಾಯಿ ಮಾತು!

ಹಾಗಾದ್ರೆ ಅಗೀರಿ, ಹಕ್ಕಿ ತಲೆ ಸಿಕ್ಕಿದ ಕಡೆ ಗಡಿ ಅಂದ ಅಧಿಕಾರಿ. ಮೊದಲನೇ ದಿನ ಊಟೆ ಹತ್ರ ಅಗೆದ್ರು, ಹೆಗ್ಗಣ ಸಿಕ್ತು. ಎರಡನೇ ದಿನ ಇಳಿಜಾರಲ್ಲಿ ಅಗೆದ್ರು, ಕುದುರೆ ಲಾಳ ಸಿಕ್ತು. ಮೂರನೇ ದಿನ ಎಷ್ಟೋ ಮೇಲೆ, ಬಂಡೆ ಅಂಚಿನ ಮುಳ್ಳುಪೊದೆ ಬುಡದಲ್ಲಿ ವೆಂದೆಲನ ಗುದ್ದಲಿಗೇ ಠಪ್ ಅಂತು. ಅದೇ ಹಳೇ ಠಪ್. ಚೀಸಿನ ಜಿಡ್ಡು ಕುಡಿದೂ ಕುಡಿದೂ ಕಲ್ಲಿನಂತಾಗಿದ್ದ ಮರ, ಐವತ್ತು ವರ್ಷ ಮಣ್ಣಲ್ಲಿದ್ರೂ ಕೊಳೆತಿರ್ಲಿಲ್ಲ.

ಬೆಳಗ್ಗೆ ನೀವೇ ಹೂತಿರ್ತೀರಿ ಅಂದ ಆಚೆ ಊರಿನ ಹಿರಿಯ. ಜೋಫ್ಕಾ ಮಡಿಲಿಂದ ಬಾಲದ ಚೂರು ತೆಗೆದ್ಳು. ಎರಡನ್ನೂ ಕೂಡಿಸಿದ್ರೆ ಕೂದಲು ತೂರೋಷ್ಟೂ ಸಂದಿಲ್ಲ. ಅಧಿಕಾರಿ ತನ್ನ ಬುತ್ತಿಯಲ್ಲಿದ್ದ ಚೀಸು ತೆಗೆದು ಬಾಲ ನೋಡ್ದ, ಅಚ್ಚಿನ ತಲೆ ನೋಡ್ದ, ಓ, ನಾನು ಚಿಕ್ಕಂದಿನಿಂದ ಇದನ್ನ ಮೀನು ಅನ್ಕೊಂಡಿದ್ದೆ ಅಂದ್ನಂತೆ. ಹುಲ್ಲು ಯೆದ್ಲೊವ್ಕಾಗೇ ಉಳೀತು.

ಹೊಸ ಕಲ್ಲು ನೆಟ್ರು. ಹುಡುಗನನ್ನ ಕರೀರಿ ಅಂದ್ರು ಹಿರಿಯರು. ಹುಡುಗ ಇಲ್ಲೇ ಇದಾನೆ, ಅವನ ಸರದಿನೇ ಇನ್ನೂ ಮುಗಿದಿಲ್ಲ ಅಂದ್ಳು ಜೋಫ್ಕಾ. ಅರವತ್ತರ ವೆಂದೆಲ ಬೋರಲಾಗಿ ಮಲಗ್ದ. ಮುದುಕಿ ಮೊದಲು ಚಡ್ಡಿ ತಡವಿ ನೋಡಿದ್ಳಂತೆ, ಒಳಗೆ ಏನಾದ್ರೂ ಇದ್ಯಾ ಅಂತ. ಆಮೇಲೆ ಮೂರೇ ಏಟು. ಒಂದು ಕಲ್ಲಿಗೆ, ಒಂದು ಅಚ್ಚಿಗೆ, ಒಂದು ಬೊದ್ರಿಕ್‌ಗೆ. ನಾಯಿಯದೇ ಜೋರಾಗಿ ಬಿತ್ತಂತೆ. ಒಂದು ವಾರ ನಿಂತೇ ಉಂಡನಂತೆ ವೆಂದೆಲ. ಆದ್ರೆ ಅದಾದ ಮೇಲೆ ಕಣ್ಣಿಗೆ ಬಟ್ಟೆ ಕಟ್ಟಿ ಬಿಟ್ರೂ ನೆಟ್ಟಗೆ ಆ ಕಲ್ಲಿಗೇ ಹೋಗಿ ನಿಲ್ತಿದ್ನಂತೆ.

ಆ ಜಾಗಕ್ಕೆ ಹಕ್ಕಿತಲೆ ಅಂತ್ಲೇ ಹೆಸರಾಯ್ತು. ಅಗೆದ ಇಳಿಜಾರಲ್ಲಿ ಆಲೂಗಡ್ಡೆ ಹಾಕಿದ್ರು, ಎರಡೂ ಊರಿನವರು ಬೇಯಿಸ್ಕೊಂಡು ತಿಂದ್ರು. ಹಕ್ಕಿಗೆ ತಲೆ ಬಂತು, ಕುರಿಗೆ ಹುಲ್ಲು ಸಿಕ್ತು, ವೆಂದೆಲಂಗೆ ನೆನಪು ಬಂತು, ನಿಂಗೆ ನಿದ್ದೆ ಬಂತು. ಹ್ಞೂಂ ಅನ್ನೋರೇ ಇಲ್ಲ ಅಂದ್ಮೇಲೆ ಕತೆನೂ ಮುಗೀತು.